ಸೋಪಿನಲ್ಲಿ ತೊಳೆದ ಕಂಬಳಿ

ಹೋದ ವಾರ ಶಹಾಪುರ ಬಸ್ ನಿಲ್ದಾಣದಲ್ಲಿ ವಡಗೇರಾ ಬಸ್ಸು ಕಾಯುತ್ತ ಕಲ್ಲಿನ ಬೆಂಚಿನ ಮೇಲೆ ಕೂತಿದ್ದೆ. ಮಳೆ ಹಿಡಿಯಿತು. ಕುರಿ ಕಾಯುವ ಹಿರಿಯರೊಬ್ಬರು ರಸ್ತೆ ದಾಟಿ ಒಳಗೆ ಬಂದು ನನ್ನ ಎದುರಿನ ಕಂಬದ ಹತ್ತಿರ ನಿಂತರು. ತಲೆಯಿಂದ ಮೊಣಕಾಲಿನವರೆಗೆ ಕರಿ ಕಂಬಳಿಯ ಕೊಪ್ಪೆ. ಅದರ ಅಂಚಿನಿಂದ ನೀರು ಇಳಿಯುತ್ತಿತ್ತು, ಒಳಗಿನ ಅಂಗಿ ಮಾತ್ರ ಒಣಗಿಯೇ ಇತ್ತು. ಆಮೇಲೆ ವಾಸನೆ ಬಂತು. ಮಳೆಗೆ ಸಿಕ್ಕ ಉಣ್ಣೆ, ಕುರಿ, ಅವುಗಳ ಕೆಳಗೆ ಹುಣಸೆ ಬೀಜದ ಗಂಜಿಯ ಮಂದ ವಾಸನೆ. ನನ್ನ ಪಕ್ಕದ ಕಾಲೇಜು ಹುಡುಗಿ ಮೂಗಿಗೆ ಚೂಡಿದಾರದ ಓಡ್ನಿ ಹಿಡಿದಳು.

"ಕೂಡ್ರಿ ಯಜಮಾನ್ರ" ಎಂದು ಸರಿದು ಜಾಗ ಮಾಡಿದೆ.

"ಬ್ಯಾಡೋ ತಮ್ಮಾ, ಕಲ್ಲೆಲ್ಲ ತೊಯ್ತದ. ಥೋಡೆ ನೀರ ಇಳೀಲಿ, ಆಮ್ಯಾಲ ಕೂಡ್ತೀನಿ."

ಅವರು ನಿಂತೇ ಇದ್ದರು. ನಾನು ಆ ವಾಸನೆಯಲ್ಲಿ ಕೂತೆ. ತಂಗಿಯ ಜೊತೆ ಇದೇ ಊರಿನಲ್ಲಿ ಕಳೆದ ಒಂದು ಮಳೆಗಾಲ ಪೂರ್ತಿ ಎದುರಿಗೆ ಬಂತು. ಅಪ್ಪನ ಕಂಬಳಿಯ ವಿಷಯದಲ್ಲಿ ನಾನು ಮಾಡಿದ್ದನ್ನು ಅವಳ ಮುಂದೆ ಅರ್ಧ ಮಾತ್ರ ಒಪ್ಪಿಕೊಂಡಿದ್ದೆ, ಉಳಿದರ್ಧ ಹಾಗೇ ಇತ್ತು. ಏಳನೇ ಇಯತ್ತೆವರೆಗೆ ಓದಿದವನು ನಾನು, ಬರೆಯುವ ರೂಢಿಯಿಲ್ಲ. ತಪ್ಪು ಕಂಡರೆ ತಿದ್ದಿಕೊಂಡು ಓದಬೇಕು.

ನಮ್ಮೂರು ವಡಗೇರಾ ಕಡೆ, ಭೀಮಾ ನದಿಯ ದಂಡೆಗೆ. ಅಪ್ಪನಿಗೆ ಕುರಿಗಳಿದ್ದವು, ನದಿಗೆ ಹತ್ತಿಕೊಂಡು ಒಂದು ತುಂಡು ಹೊಲವಿತ್ತು. ಕುರಿಯ ಹಿಂದೆ ಹೋಗಲು ನಾನು ಶಾಲೆ ಬಿಟ್ಟೆ. ತಂಗಿ ಮಹಾದೇವಿ ಬಿಡಲಿಲ್ಲ. ಸಣ್ಣವಳಿದ್ದಾಗ ಗೋಡೆಗೆ ಇದ್ದಿಲಿನಲ್ಲಿ ಕುರಿ ಬರೆಯುತ್ತಿದ್ದಳು, ಒಂದೊಂದು ಕುರಿಯ ಮುಖವೂ ಬೇರೆ. ಕಲಬುರಗಿಯ ಹಾಸ್ಟೆಲಿನಲ್ಲಿದ್ದು ಕಂಪ್ಯೂಟರಿನಲ್ಲಿ ಗೊಂಬೆ ಮಾಡಿ ನಡೆಸುವುದನ್ನು ಕಲಿತಳು. ಅವಳು ಅಲ್ಲಿರುವಾಗಲೇ ಅಪ್ಪ ತೀರಿಹೋದ. ಕುರಿಗಳನ್ನು ಮಾರಿದೆವು. ಅಪ್ಪನ ಕಂಬಳಿಯನ್ನು ಅವ್ವ ಮಡಚಿ ಅಟ್ಟದ ಮೇಲೆ ಇಟ್ಟಳು.

ಮಹಾದೇವಿಗೆ ಸಿಕ್ಕ ಕೆಲಸ ಹೀಗಿತ್ತು. ಕಂಪ್ಯೂಟರಿನಲ್ಲಿ ಆಡುವ ಆಟಗಳಿರುತ್ತವಲ್ಲ, ಅವುಗಳಲ್ಲಿ ಓಡಾಡುವ ಮನುಷ್ಯರಿಗೆ ಬಟ್ಟೆ ತೊಡಿಸಬೇಕು. ತೊಡಿಸಿದರೆ ಮುಗಿಯಲಿಲ್ಲ. ಮನುಷ್ಯ ನಡೆದರೆ ಬಟ್ಟೆ ಅಲುಗಬೇಕು, ಕೂತರೆ ಮಡಿಕೆ ಬೀಳಬೇಕು. ಆ ಅಲುಗಾಟವನ್ನು ಕಂಪ್ಯೂಟರೇ ಲೆಕ್ಕ ಹಾಕುತ್ತದೆ, ಆದರೆ ಬಟ್ಟೆ ಎಷ್ಟು ಭಾರ, ಎಷ್ಟು ಬಿರುಸು, ದೇಹಕ್ಕೆ ಎಲ್ಲೆಲ್ಲಿ ಅಂಟಿರಬೇಕು ಅನ್ನುವುದನ್ನು ಇವಳೇ ಹೇಳಿಕೊಡಬೇಕು. ಅವರದು ಸಣ್ಣ ಗುಂಪು, ಒಬ್ಬೊಬ್ಬರು ಒಂದೊಂದು ಊರಿನಲ್ಲಿ ಕೂತು ಮಾಡುವವರು. ಹಿರಿಯರು ರಾಯಚೂರು ಕಡೆಯ ಒಬ್ಬ ಮೇಡಂ.

ಆಟದಲ್ಲಿ ಒಬ್ಬ ಕುರಿಗಾರ ಮಂದೆ ಕಟ್ಟಿಕೊಂಡು ಬಿಸಿಲು, ಮಳೆ, ಹೊಳೆ ದಾಟುತ್ತ ಹೋಗಬೇಕು. ಮಹಾದೇವಿ ಅವನಿಗೆ ಅಪ್ಪನ ಮುಖ ಕೊಟ್ಟಿದ್ದಳು. ಮೇಡಂಗೆ ಮುಖ ಮೆಚ್ಚುಗೆಯಾಯಿತು, ಕಂಬಳಿ ಆಗಲಿಲ್ಲ. ಮಳೆಗಾಲ ಮುಗಿಯುವುದರೊಳಗೆ ಕಂಬಳಿ ಸರಿಹೋದರೆ ಅಪ್ಪನೇ ಆಟದ ನಾಯಕ, ಇವಳ ಕೆಲಸವೂ ಕಾಯಂ. ಇಲ್ಲವಾದರೆ ಹೆಗಲಿಗೆ ಟವೆಲು ಹಾಕಿದ ಬೇರೆ ಕುರಿಗಾರ ಬರುತ್ತಾನೆ, ಅವನನ್ನು ಮಾಡುವವರೂ ಬೇರೆ.

ನಮ್ಮೂರಿನಲ್ಲಿ ನೆಟ್ ನಿಲ್ಲುವುದಿಲ್ಲ. ಹಾಗಾಗಿ ಶಹಾಪುರದಲ್ಲಿ ಮಾಳಿಗೆಯ ಮೇಲೊಂದು ಖೋಲಿ ಹಿಡಿದಳು. ಒಬ್ಬಳನ್ನೇ ಬಿಡಲು ಅವ್ವ ಒಪ್ಪಲಿಲ್ಲ. ಎಮ್ಮೆ ಬಿಟ್ಟು ತಾನೂ ಬರಲಾರಳು, ನನ್ನನ್ನು ಕಳಿಸಿದಳು. ನಾನು ಹತ್ತಿ, ಭತ್ತದ ಚೀಲ ಹೊರುವ ಒಂದು ಆಟೋ ನಡೆಸುತ್ತ ಅವಳ ಜೊತೆ ಇದ್ದೆ.

ಹೋದ ಮೊದಲ ದಿನವೇ ಹೇಳಿದಳು: "ಅಣ್ಣಾ, ಊರಿಗಿ ಹೋದಾಗ ಅಪ್ಪನ ಕಂಬಳಿ ತೊಗೊಂಡ ಬಾ. ನೀ ಹೊದ್ದು ನಡೀಬೇಕು, ನಾ ವಿಡಿಯೊ ತೆಗೀತೀನಿ. ಅದು ಹ್ಯಾಂಗ ಬೀಳ್ತದ ನೋಡಿ ಹಂಗ ಮಾಡ್ತೀನಿ."

ನಾನು ಹ್ಞೂಂ ಅಂದೆ. ಆದರೆ ಕಂಬಳಿ ಇರಲೇ ಇಲ್ಲ.

ಅದರ ಹಿಂದಿನ ವರ್ಷ ಹೊಳೆ ದಂಡೆಯ ಪಂಪಿನ ಮೋಟರಿಗೆ ಮಳೆ ತಾಗಬಾರದೆಂದು ಅಟ್ಟದಿಂದ ಆ ಕಂಬಳಿ ತೆಗೆದು ಹೊದಿಸಿದ್ದೆ. ಅವ್ವನನ್ನು ಕೇಳಲಿಲ್ಲ. ಎರಡು ದಿನಕ್ಕೆ ವಾಪಸ್ ಇಡೋಣ ಅಂತಿದ್ದೆ. ಅಷ್ಟರಲ್ಲಿ ಮೇಲಿನ ಡ್ಯಾಮಿನಿಂದ ಹೊಳೆಗೆ ನೀರು ಬಿಟ್ಟರು. ಬಾಜೂ ಹೊಲದವನನ್ನು ಕರೆದುಕೊಂಡು ಓಡಿದೆ. ಕಂಬಳಿಯನ್ನು ಎಳೆದು ಜಾಲಿ ಬೇಲಿಯ ಮೇಲೆ ಒಗೆದು, ಇಬ್ಬರೂ ಸೇರಿ ಮೋಟರನ್ನು ದಿಬ್ಬಕ್ಕೆ ಹೊತ್ತೆವು. ನೀರು ಮೊಣಕಾಲಿಗೆ ಬಂದಿತ್ತು. ಇನ್ನೊಂದು ಸಲ ಇಳಿದು ಹಗ್ಗ, ಪೈಪು ತಂದೆ. ಆಗ ಕಂಬಳಿ ನನ್ನ ಕೈಯಳತೆಯಲ್ಲಿತ್ತು. ಕೆಳಗಿನ ಅಂಚು ನೀರಿನಲ್ಲಿ ಅದ್ದಿ ಭಾರವಾಗಿ ಜೋತಿತ್ತು. ಈ ಹೊರೆ ಯಾರು ಹೊರಬೇಕು, ಆಮೇಲೆ ಬಂದರಾಯಿತು ಅನ್ನಿಸಿತು. ಪೈಪು ಇಟ್ಟು ತಿರುಗಿ ನೋಡಿದರೆ ಬೇಲಿಯೇ ಕಾಣಲಿಲ್ಲ.

ಅವ್ವ ಅಟ್ಟ ನೋಡಿ ಕೇಳಿದಾಗ, "ಮಾದೇವಿ ಕಲಬುರಗಿಗಿ ಒಯ್ದಾಳ" ಅಂದುಬಿಟ್ಟೆ. ಅವ್ವನಿಗೆ ಖುಷಿಯಾಯಿತು. "ಒಯ್ಲಿ ಬಿಡು, ಅಪ್ಪನ ನೆನಪ ಇರ್ತದ ಹುಡುಗಿಗಿ" ಅಂದಳು. ಈಗ ಆ ಹುಡುಗಿಯೇ ಕಂಬಳಿ ತಾ ಅನ್ನುತ್ತಿದ್ದಳು.

ಸುರಪುರದಲ್ಲಿ ನಮ್ಮ ದೂರದ ಸಂಬಂಧಿಕರೊಬ್ಬರು ಕುರಿ ಬಿಟ್ಟು ಮನೆಯಲ್ಲಿದ್ದರು. ಅವರ ಹಳೆ ಕಂಬಳಿ ಕೇಳಿ ತಂದೆ. ಅದೇ ಕರಿ, ಅಂಚಿಗೆ ಅದೇ ಬಿಳಿ ಗೆರೆ. ಒಂದೇ ತೊಂದರೆ, ಅದು ಬೀಡಿ ನಾರುತ್ತಿತ್ತು. ಅಪ್ಪ ಬೀಡಿ ಮುಟ್ಟಿದವನಲ್ಲ. ದಾರಿಯಲ್ಲಿ ಕಾಲುವೆಯ ಹತ್ತಿರ ಇಳಿದು, ಸೋಪಿನ ಪುಡಿ ಹಾಕಿ, ಕಲ್ಲಿನ ಮೇಲೆ ತಿಕ್ಕಿ ತಿಕ್ಕಿ ತೊಳೆದೆ. ಕಂಬಳಿಯನ್ನು ಹಾಗೆ ತೊಳೆಯಬಾರದು ಅಂತ ಕುರಿಗಾರನ ಮಗನಾದ ನನಗೆ ಗೊತ್ತಿತ್ತು. ಹುಣಸೆ ಬೀಜದ ಗಂಜಿ ಕುಡಿದ ಉಣ್ಣೆ ಅದು, ಅದರ ಬಿರುಸೆಲ್ಲ ಆ ಗಂಜಿಯಲ್ಲೇ ಇರುತ್ತದೆ. ಸೋಪಿಗೆ ಅದೂ ಹೋಗುತ್ತದೆ, ಮಳೆ ತಡೆಯುವ ಉಣ್ಣೆಯ ಜಿಡ್ಡೂ ಹೋಗುತ್ತದೆ. ಆ ಹೊತ್ತಿಗೆ ಇನ್ನೊಬ್ಬರ ವಾಸನೆ ಹೋದರೆ ಸಾಕಾಗಿತ್ತು.

ಮಹಾದೇವಿ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಮೊದಲು ಮೂಗಿಗೆ ಹಿಡಿದಳು.

"ಸೋಪಿನ ವಾಸನಿ ಬರ್ತದಲ್ಲೋ."

"ಅವ್ವ ತೊಳದಾಳ."

"ಅವ್ವ? ಕಂಬಳಿ, ಸೋಪಿನ್ಯಾಗ?"

"ಅಟ್ಟದಾಗ ಇಲಿ ಹೊಲಸ ಮಾಡಿದ್ವಂತ."

"ಇಲಿಗೂ ಅಪ್ಪನ ಕಂಬಳಿನ ಬೇಕಾಗಿತ್ತೇನು" ಅಂತ ನಕ್ಕಳು. ಆ ನಗು ನೋಡಿ ನನಗೆ ಗೆದ್ದಂತಾಯಿತು.

ಮಾಳಿಗೆಯ ಮೇಲೆ ನನ್ನನ್ನು ನಡೆಸಿದಳು, ಕೂಡಿಸಿದಳು, ಎಬ್ಬಿಸಿದಳು. ಎದುರಿಗೆ ಮಲಗಿದ ಮನುಷ್ಯನಂತೆ ಕಾಣುವ ಗುಡ್ಡದ ಮೇಲೆ ಮೋಡ ಕೂತಿತ್ತು.

"ಅಪ್ಪನಂಗ ನಡಿಯೋ. ನೀ ಆಟೋ ಡ್ರೈವರ್ ನಡದಂಗ ನಡ್ಯಾಕತ್ತಿ."

"ಡ್ರೈವರ್ ಎಲ್ಲಿ ನಡೀತಾನವ್ವ, ಕುಂತಿರ್ತಾನ."

"ಹಂಗಾದ್ರ ಕೂಡೂದರ ಬರೋಬ್ಬರಿ ಕೂಡು!"

ಆಮೇಲೆ ಕೆಲಸ ಶುರುವಾಯಿತು. ನಾನು ಬಾಡಿಗೆ ಇಲ್ಲದ ಹೊತ್ತಿನಲ್ಲಿ ಅವಳ ಬಾಜೂಕೆ ಕೂತು ನೋಡುತ್ತಿದ್ದೆ. ಮೊದಲ ಸಲ ಆಟ ಚಾಲೂ ಮಾಡಿದಾಗ ಅಪ್ಪನ ಮೈಮೇಲಿನ ಕಂಬಳಿ ಸಿಡಿದಂತೆ ಆಕಾಶಕ್ಕೆ ಹಾರಿತು. ನಾನು ಬಿದ್ದು ಬಿದ್ದು ನಕ್ಕೆ. ಅವಳು ನಗಲಿಲ್ಲ. ಗೊಂಬೆ ಮೊದಲು ಎರಡೂ ತೋಳು ಚಾಚಿ ನಿಂತಿರುತ್ತದೆ, ಕಣ್ಣು ಮುಚ್ಚಿ ತೆಗೆಯುವುದರೊಳಗೆ ನಡೆಯುವ ಭಂಗಿಗೆ ಜಿಗಿಯುತ್ತದೆ, ಬಟ್ಟೆ ಹಿಂದುಳಿದು ಆ ಎಳೆತಕ್ಕೆ ಹಾರುತ್ತದೆ ಎಂದು ಕಂಡುಹಿಡಿದಳು. ಗೊಂಬೆ ಮೆಲ್ಲಗೆ ತೋಳು ಇಳಿಸುವಂತೆ, ಕಂಬಳಿ ಮೈಗೆ ಹತ್ತಿದ ಮೇಲೆಯೇ ಆಟದ ತೆರೆ ಸರಿಯುವಂತೆ ಮಾಡಿದಳು.

ಆಮೇಲೆ ಅಪ್ಪ ಕೂತಾಗ ಮೊಣಕಾಲು ಕಂಬಳಿಯನ್ನು ತೂರಿಕೊಂಡು ಹೊರಗೆ ಬಂತು. ಕಂಪ್ಯೂಟರಿಗೆ ಮೈ ಕಾಣುವುದಿಲ್ಲವಂತೆ. ಕಣ್ಣಿಗೆ ಬೀಳದ ಗುಳಿಗೆಯಾಕಾರದ ಉಂಡೆಗಳನ್ನು ತೊಡೆಯಲ್ಲಿ, ಎದೆಯಲ್ಲಿ, ಬೆನ್ನಿನಲ್ಲಿ ಹೂತಿಡಬೇಕು, ಬಟ್ಟೆ ಅವುಗಳಿಗೆ ತಾಗಿ ನಿಲ್ಲುತ್ತದೆ. ಮೊಣಕಾಲಿನ ಉಂಡೆ ಸಣ್ಣದಾಗಿತ್ತು, ದೊಡ್ಡದು ಮಾಡಿದಳು. ಇನ್ನೊಂದು ದಿನ ಹೆಗಲ ಹತ್ತಿರ ಕಂಬಳಿ ಚಳಿ ಜ್ವರ ಬಂದವರಂತೆ ನಡುಗಿತು. ಮೈಗೆ ಅಂಟಿದ ಭಾಗ ಮುಗಿದು ಅಲುಗುವ ಭಾಗ ಒಮ್ಮೆಲೇ ಶುರುವಾಗಿದ್ದೇ ಅದಕ್ಕೆ ಕಾರಣ. ಬಣ್ಣ ಬಳಿದಂತೆ ಸ್ವಲ್ಪ ಸ್ವಲ್ಪವಾಗಿ ಸಡಿಲ ಬಿಡುತ್ತ ಬಂದಳು, ನಡುಕ ನಿಂತಿತು. ಕಾರಣ ಸಿಕ್ಕಾಗ ಅವಳು ಒಂದು ಚಿಟಿಕೆ ಹೊಡೆದು ನನ್ನ ಕಡೆ ನೋಡದೆಯೇ "ಚಾ" ಅನ್ನುತ್ತಿದ್ದಳು. ನಾನು ಮಾಡಿ ಕೊಡುತ್ತಿದ್ದೆ. ಆ ದಿನಗಳು ಚೆನ್ನಾಗಿದ್ದವು.

ನಿಜವಾದ ತೊಂದರೆ ಎಲ್ಲ ಸರಿಹೋದ ಮೇಲೆ ಬಂತು. ಕಂಬಳಿ ಹಾರುತ್ತಿರಲಿಲ್ಲ, ತೂರುತ್ತಿರಲಿಲ್ಲ, ನಡುಗುತ್ತಿರಲಿಲ್ಲ. ವಿಡಿಯೊದಲ್ಲಿ ನನ್ನ ಮೈಮೇಲೆ ಹೇಗೆ ಬಿದ್ದಿತ್ತೋ ಹಾಗೆಯೇ ಅಪ್ಪನ ಮೈಮೇಲೂ ಬೀಳುತ್ತಿತ್ತು. ಮೇಡಂ ನೋಡಿ ಫೋನ್ ಮಾಡಿದರು. ಮಹಾದೇವಿ ಸ್ಪೀಕರ್ ಹಾಕಿದ್ದಳು, ನನಗೂ ಕೇಳಿಸಿತು.

"ಮಾದೇವಿ, ತಪ್ಪೇನೂ ಕಾಣವಲ್ದು. ಆದ್ರ ಇದಕ್ಕ ಕಂಬಳಿ ಅನ್ನಂಗಿಲ್ಲವ್ವ, ಓಡ್ನಿ ಅಂತಾರ. ನಾನೂ ಕುರಿಗಾರ್ರನ್ನ ನೋಡೀನಿ."

"ಹೌದ್ರಿ ಮೇಡಂ. ನಂಗೂ ಹಂಗ ಅನಸ್ತದ್ರಿ. ಆದ್ರ ವಿಡಿಯೊದಾಗ ಬರೋಬ್ಬರಿ ಹಿಂಗ ಅದರಿ."

"ಟೈಮ್ ಬಾಳ ಇಲ್ಲ ನೋಡು."

ಅಲ್ಲಿಂದ ಮುಂದೆ ಮಳೆಯ ಜೊತೆ ಅವಳ ಹುಡುಕಾಟವೂ ಬಿಡದೆ ಹಿಡಿಯಿತು. ಭಾರ ಹೆಚ್ಚಿಸಿದರೆ ಕಂಬಳಿ ರಬ್ಬರಿನಂತೆ ನೆಲಕ್ಕೆ ಜಗ್ಗುತ್ತಿತ್ತು. ಬಿರುಸು ಹೆಚ್ಚಿಸಿದರೆ ಅಪ್ಪ ತಗಡು ಹೊದ್ದವನಂತೆ ಕಾಣುತ್ತಿದ್ದ. ಎರಡನ್ನೂ ಬಿಟ್ಟು ಮತ್ತೆ ವಿಡಿಯೊಗೆ ಬರುತ್ತಿದ್ದಳು. ಒಂದು ಪರದೆಯಲ್ಲಿ ನಾನು ಕೂಡುತ್ತಿದ್ದೆ, ಇನ್ನೊಂದರಲ್ಲಿ ಅಪ್ಪ. ಎರಡೂ ಒಂದೇ ಥರ, ಎರಡೂ ಸುಳ್ಳು. ಅವಳು ತನ್ನ ಲೆಕ್ಕದಲ್ಲಿ ತಪ್ಪು ಹುಡುಕುತ್ತಿದ್ದಳು. ಊಟ ಕಡಿಮೆಯಾಯಿತು. "ನನ್ನ ಕಣ್ಣ ಕೆಟ್ಟಾವೇನೋ ಅಣ್ಣಾ" ಅಂದಳು ಒಮ್ಮೆ. ಹೇಳಿಬಿಡಬೇಕು ಅಂತ ದಿನಾ ಆಟೋ ಹತ್ತುವಾಗ ಅಂದುಕೊಳ್ಳುತ್ತಿದ್ದೆ. ಸಂಜೆ ಬಂದು ಚಹಾ ಕಾಸುತ್ತಿದ್ದೆ.

ಒಂದು ಮಧ್ಯಾಹ್ನ ಬಾಡಿಗೆ ಇಲ್ಲದೆ ಖೋಲಿಗೆ ಬಂದರೆ ಅವಳು ಮಾಳಿಗೆಯ ಮೇಲೆ ಜೋರು ಮಳೆಯಲ್ಲಿ ಕಂಬಳಿ ಹೊದ್ದು ಕೂತಿದ್ದಳು. ಕೂಗಿದರೂ ಬರಲಿಲ್ಲ. ತನಗೆ ಬೇಕಾದಷ್ಟು ಹೊತ್ತು ಕೂತು ಒಳಗೆ ಬಂದಳು. ನೀರು ಕಂಬಳಿಯನ್ನು ದಾಟಿ, ಕೂದಲು, ಕುಪ್ಪಸ, ಎಲ್ಲವನ್ನೂ ತೋಯಿಸಿತ್ತು. ಕಂಬಳಿ ಒದ್ದೆ ಧೋತರದಂತೆ ಬೆನ್ನಿಗೆ ಅಂಟಿತ್ತು.

"ಅಪ್ಪನ ಕಂಬಳ್ಯಾಗ ನಾ ಒಮ್ಮೆನೂ ತೊಯ್ದಿದ್ದಿಲ್ಲ" ಅಂದಳು. ಕೂದಲಿನ ನೀರು ಹಿಂಡುತ್ತ ಕೇಳಿದಳು: "ಅಣ್ಣಾ, ಇದು ಯಾರ್ದು?"

"ಯಾರ್ದಂದ್ರ? ಅಪ್ಪಂದ."

ಅವಳು ನನ್ನನ್ನೇ ನೋಡುತ್ತಿದ್ದಳು. ನಾನು ಒಲೆಯ ಕಡೆ ತಿರುಗಿ ಇನ್ನೂ ಕುದಿಯದ ಚಹಾ ಇಳಿಸಿದೆ.

"ಹೌದಾ. ಹಂಗಾದ್ರ ನನ್ನ ನೆನಪ ಸುಳ್ಳು" ಅಂದಳು.

ನಾನು ಆ ಚಹಾವನ್ನೇ ಸೋಸಿ ಅವಳ ಮುಂದಿಟ್ಟೆ. ಅವಳು ಕಂಬಳಿಯನ್ನು ಹಿಂಡಿ, ಹಗ್ಗದ ಮೇಲೆ ಹರವಿ, ಒಣಗಿದ ಮೇಲೆ ಮಡಚಿ ನನ್ನ ಹಾಸಿಗೆಯ ಮೇಲೆ ಇಟ್ಟಳು.

ಮರುದಿನದಿಂದ ಅವಳು ಆ ವಿಡಿಯೊ ತೆರೆಯಲಿಲ್ಲ. ನಾನು ಬುತ್ತಿ ತಂದಾಗ ಗೋಡೆಗೆ ಮುಖ ಮಾಡಿ, ತಲೆಯ ಮೇಲೆ ಚಾದರ ಎಳೆದುಕೊಂಡು ಕೂತಿದ್ದಳು.

"ಏನ್ ಮಾಡಾಕತ್ತಿ?"

"ಅಪ್ಪನ ಕಂಬಳಿ ಒಳಗ ಕುಂತೀನಿ. ಮಾತಾಡಸಬ್ಯಾಡ."

ನಾನು ಬುತ್ತಿ ಬಿಚ್ಚಿ ಕಾಯುತ್ತ ಕೂತೆ. ಚಾದರದೊಳಗಿನಿಂದಲೇ ಅವಳು ಹೇಳಿದಳು: "ಮಳಿ ಬಂದ್ರ ಅಪ್ಪ ನನ್ನ ಒಳಗ ಕರ್ಕೊಂಡು ಕುಕ್ಕರಗಾಲಾಗ ಕೂಡ್ತಿದ್ದ. ಅಪ್ಪ ಮೊದಲ ಕೂಡ್ತಿದ್ದ, ಕಂಬಳಿ ಆಮ್ಯಾಲ ಕೂಡ್ತಿತ್ತು. ನಡುವ ಥೋಡೆ ಹೊತ್ತು ಒಳಗ ಬೆಳಕ ಇರ್ತಿತ್ತು. ಆಮ್ಯಾಲ ಕತ್ತಲ."

ನಾನು ಅಷ್ಟು ವರ್ಷ ಅಪ್ಪನ ಹಿಂದೆ ನಡೆದವನು. ಒಳಗೆ ಬೆಳಕಿರುತ್ತಿತ್ತು ಅನ್ನುವುದು ನನಗೆ ಗೊತ್ತಿರಲಿಲ್ಲ.

ಅವಳು ಎದ್ದು ಕಂಪ್ಯೂಟರಿಗೆ ಕೂತಳು. ಹಾಕಿದ್ದ ಅಂಕಿಗಳನ್ನೆಲ್ಲ ಅಳಿಸಿದಳು. ಕಂಬಳಿ ಬೇಗ ಬಗ್ಗಬಾರದು, ಬಗ್ಗಿದ ಮೇಲೆ ಸ್ಪ್ರಿಂಗಿನಂತೆ ಮೇಲೇಳಬಾರದು, ಗಾಳಿಗೆ ಬೀಸಬಾರದು, ಮೈಗೂ ಬಟ್ಟೆಗೂ ನಡುವೆ ಜಾಗ ಉಳಿಯಬೇಕು, ಹೀಗೆ ತನ್ನಷ್ಟಕ್ಕೆ ಮಾತಾಡುತ್ತ ಒಂದೊಂದನ್ನೇ ಹಾಕಿ ನೋಡಿದಳು. ಆಟದ ಕಣ್ಣನ್ನು, ಅಂದರೆ ನಾವು ನೋಡುವ ಜಾಗವನ್ನು, ಕಂಬಳಿಯ ಒಳಗೇ ಒಯ್ದು ಇಟ್ಟಿದ್ದಳು. ಕೆಲವು ದಿನ ಹಾಗೇ ನಡೆಯಿತು. ಒಂದು ಬೆಳಿಗ್ಗೆ ಪರದೆಯ ಮೇಲೆ ಅಪ್ಪ ಕೂತ. ಕಂಬಳಿ ಇನ್ನೂ ನಿಂತಿತ್ತು. ಗುಡಾರದಂತೆ ಒಂದು ಕ್ಷಣ ತಡೆದು, ಭುಜದಿಂದ ಜಾರಿ, ಅಂಚಿನಿಂದ ಅಂಚಿಗೆ ನೆಲ ಹಿಡಿಯಿತು. ಒಳಗಿನ ಬೆಳಕು ಆರಿತು.

ಮಹಾದೇವಿ ಚಿಟಿಕೆ ಹೊಡೆಯಲಿಲ್ಲ, ಚಹಾ ಕೇಳಲಿಲ್ಲ. ಕಣ್ಣೊರೆಸಿಕೊಂಡು ಮೇಡಂಗೆ ಕಳಿಸಿದಳು. ಮೇಡಂ ನೋಡಿ ಕೂಡಲೇ ಫೋನ್ ಮಾಡಿದರು. "ಮಾದೇವಿ, ಇನ್ನೊಮ್ಮಿ ಕೂಡಸು ಅವರನ್ನ" ಅಂದರು. ಅಲ್ಲಿಯವರೆಗೆ 'ಅವನು' ಅನ್ನುತ್ತಿದ್ದವರು.

ಅಪ್ಪ ಆಟದಲ್ಲಿ ಉಳಿದ. ಅವಳ ಕೆಲಸವೂ ಉಳಿಯಿತು.

ಮಳೆ ಹಿಂದಾದ ಮೇಲೆ ಇಬ್ಬರೂ ಊರಿಗೆ ಹೋದೆವು. ಹೊಳೆ ಇಳಿದು ದಂಡೆಯ ರೇವೆ ಮಣ್ಣು ಒಣಗಿ ಒಡೆದಿತ್ತು. ಮೋಟರಿನ ಮೇಲೆ ಗೊಬ್ಬರದ ಪ್ಲಾಸ್ಟಿಕ್ ಚೀಲ ಹೊದಿಸಿತ್ತು. ಅವಳು ಅದರ ಬಾಜೂಕೆ ಕಲ್ಲಿನ ಮೇಲೆ ಕೂತಾಗ, ಇನ್ನು ತಡೆಯಲಾರದೆ ಹೇಳಿದೆ. ಅಪ್ಪನ ಕಂಬಳಿ ಹೊಳೆಗೆ ಹೋಯಿತು, ನಾನು ತಂದುಕೊಟ್ಟಿದ್ದು ಸುರಪುರದ್ದು, ತೊಳೆದವನೂ ನಾನೇ.

"ಗೊತ್ತದ" ಅಂದಳು.

"ಯಾವಾಗಿಂದ?"

"ಮಾಳಿಗಿ ಮ್ಯಾಲ ಕುಂತಿದ್ನಲ್ಲ, ಅವತ್ತ. ಮಳಿ ಬರೂ ಮೊದಲ ಅವ್ವಗ ಫೋನ್ ಮಾಡಿದ್ದೆ, ಸೋಪ ಯಾಕ ಹಾಕಿದೆವ್ವಾ ಅಂತ ಕೇಳಾಕ. ಅಪ್ಪನ ಕಂಬಳಿ ವರ್ಷ ಆತು ನಿನ್ನ ಕಡೀನ ಅದಲ್ಲ ಅಂದ್ಲು."

"ಮತ್ತ ಒಂದ ಮಾತ ಕೇಳಬಾರದಾ ನನ್ನ?"

"ಕೇಳಿದ್ನಲ್ಲ" ಅಂದಳು. "ಒಳಗ ಬಂದ ಕೂಡ್ಲೆ ಕೇಳಿದೆ, ಯಾರ್ದು ಅಂತ. ನೀ ಚಾ ಇಳಿಸಿದಿ."

ನಾನು ಬಗ್ಗಿ ಮೋಟರಿನ ಮೇಲಿನ ಚೀಲ ಸರಿ ಮಾಡಿದೆ.

"ಕಂಬಳಿ ಹೋಗಿದ್ದಕ್ಕ ನಂಗ ಸಿಟ್ಟಿಲ್ಲ. ನಾ ದಿನಾ ನನ್ನ ತಪ್ಪ ಹುಡುಕಾಕತ್ತಿದ್ದೆ, ನೀ ಬಾಜೂಕ ಕುಂತು ನೋಡ್ತಿದ್ದಿ. ಅದು ಹೊಟ್ಯಾಗ ಕುಂತದ." ಮೋಟರಿನ ಮೇಲೆ ಕೈಯಿಟ್ಟು ಕೇಳಿದಳು: "ಮೋಟರ್ ನಡೀತದೇನು?"

"ನಡೀತದ."

"ಚಾಲೂ ಮಾಡು. ಕಾಲ ತೊಳ್ಕೋತೀನಿ."

ಅವಳು ಕಾಲು ತೊಳೆದುಕೊಂಡಳು. ಅವ್ವನಿಗೆ ನಾನೇ ಹೇಳಬೇಕೆಂದಳು, ಹೇಳಿದೆ. ಅವ್ವ ಒಂದು ದಿನ ನನ್ನ ಜೊತೆ ಮಾತು ಬಿಟ್ಟಳು, ಮರುದಿನ ರೊಟ್ಟಿ ಹಾಕಿದಳು. ಆದರೆ ಕಂಬಳಿ ನನ್ನ ಕೈಯಳತೆಯಲ್ಲಿತ್ತು ಅನ್ನುವುದನ್ನು ಇಬ್ಬರಿಗೂ ಹೇಳಲಿಲ್ಲ. ಹೊಳೆ ಒಯ್ದಿತು ಅಂದೆ. ಹೊಳೆಯ ಮೇಲೆ ಹಾಕುವುದು ಸುಲಭ.

ಬಸ್ ನಿಲ್ದಾಣದಲ್ಲಿ ಮಳೆ ಸಣ್ಣದಾಯಿತು. ಹಿರಿಯರು ಕಂಬಳಿ ಒಮ್ಮೆ ಝಾಡಿಸಿ ಮತ್ತೆ ಹೊದ್ದು, ಕಲ್ಲಿನ ಮೇಲೆ ಕೂತರು. ಅವರು ಮೊದಲು ಕೂತರು. ಕಂಬಳಿ ಆಮೇಲೆ ಕೂತಿತು.

"ಯಜಮಾನ್ರ, ಸಿಟ್ಟಾಗಬ್ಯಾಡ್ರಿ, ಇನ್ನೊಮ್ಮಿ ಎದ್ದು ಕೂಡ್ತೀರೇನ್ರಿ? ವಿಡಿಯೊ ತೆಗೀತೀನಿ."

"ಏನ್ ಮಾಡ್ತಿ ಅದನ್ನ?"

"ನಮ್ಮ ತಂಗಿಗಿ ಕಳಸ್ತೀನ್ರಿ. ಆಕಿ ಕಂಬಳಿ ಮಾಡ್ತಾಳ."

"ನೇಯ್ತಾಳೇನು?"

"ಒಂದ ನಮೂನಿ ನೇಯ್ತಾಳ್ರಿ."

ಅವರು ಮೊಣಕಾಲು ಹಿಡಿದುಕೊಂಡು ಎದ್ದು ಕೂತರು. ನಾನು ತೆಗೆದು ಕಳಿಸಿದೆ. ಸ್ವಲ್ಪದರಲ್ಲೇ ಮಹಾದೇವಿ ಬರೆದಳು: "ಅಣ್ಣಾ, ಇದು ಯಾರ್ದು?"

ಅದೇ ಮಾತು. ಇಳಿಸಲು ಇಲ್ಲಿ ಚಹಾ ಇರಲಿಲ್ಲ. ಒಂದೊಂದೇ ಅಕ್ಷರ ಒತ್ತಿ ಬರೆದೆ: "ಬಸ್ ಸ್ಟ್ಯಾಂಡಿನ್ಯಾಗ ಒಬ್ಬರು ಯಜಮಾನ್ರದು, ಕೇಳಿ ತೆಗದೀನಿ. ಅಪ್ಪಂದು ಹೊಳಿ ಒಯ್ದಿಲ್ಲ. ನನ್ನ ಕೈಗಿ ಸಿಗ್ತಿತ್ತು. ಭಾರ ಅದ ಅಂತ ನಾನ ಬಿಟ್ಟೆ."

ಅವಳು ಓದಿದ್ದು ಕಾಣಿಸಿತು. ಹುಣಸಗಿ ಬಸ್ಸು ಬಂದು ಹೋಯಿತು. ಸುರಪುರದ್ದೂ ಹೋಯಿತು. ಕಾಲೇಜು ಹುಡುಗಿ ಹೊರಟುಹೋದಳು. ಮೊಬೈಲನ್ನು ಜೇಬಿಗೆ ಹಾಕುವುದು, ತೆಗೆಯುವುದು ಮಾಡುತ್ತಿದ್ದೆ.

ಆಮೇಲೆ ಅವಳ ಉತ್ತರ ಬಂತು: "ಅವರಿಗಿ ಇನ್ನೊಮ್ಮಿ ಕೂಡಾಕ ಹೇಳು. ಈ ಸಲ ಬಾಜೂದಿಂದ ತಗಿ."

ನಾನು ಹಿರಿಯರ ಮುಖ ನೋಡಿದೆ.

"ಮತ್ತ ಏಳಬೇಕೇನೋ?" ಅಂದರು ಅವರು. "ನಿಮ್ಮ ತಂಗಿ ಬಾಳ ಗಟ್ಟಿ ಹೆಣ್ಣಮಗಳು ಕಾಣ್ತದ."

"ಹೌದ್ರಿ" ಅಂದೆ.

ಅವರು ಎದ್ದರು. ನಾನು ಬಾಜೂಕೆ ಹೋಗಿ ನಿಂತೆ.